ನಮ್ಮ ಹೊಲದ ಮೋಟರೂ ಮೋಡದ ಮನೆಯೂ

ನಮ್ಮ ಹೊಲದಲ್ಲಿ ೫ ಅಶ್ವಶಕ್ತಿಯ ಮೋಟರೊಂದುಂಟು. ಖಾನಾಪುರ ತಾಲೂಕಿನ ನಮ್ಮ ಊರಿನಲ್ಲಿ ಇಂಥವು ಮನೆಗೊಂದರಂತೆ ಇಲ್ಲದಿದ್ದರೂ ಓಣಿಗೆ ನಾಲ್ಕೈದಾದರೂ ಇವೆ. ಬಾವಿಯ ದಂಡೆಯ ಮೇಲೆ ತಗಡಿನ ಸಣ್ಣ ಗೂಡು, ಗೂಡಿನೊಳಗೆ ಸ್ಟಾರ್ಟರಿನ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಹಲ್ಲಿಗಳ ಸಂಸಾರ. ಇಷ್ಟು ಸಾಮಾನ್ಯವಾದ ವಸ್ತುವನ್ನು ವಾಚಕರ ಮುಂದೆ ತಂದು ನಿಲ್ಲಿಸುವುದೇಕೆಂದರೆ, ಮುಂದೆ ಹೇಳಲಿರುವ ವಿಷಯದಲ್ಲಿ ಕಿಲೋವ್ಯಾಟು, ಮೆಗಾವ್ಯಾಟು, ಗಿಗಾವ್ಯಾಟು ಎಂಬ ದೊಡ್ಡ ದೊಡ್ಡ ಮಾತುಗಳು ಬರುತ್ತವೆ. ಕಲಾ ವಿಭಾಗದವಳಾದ ನನಗೆ ಅವು ಒಮ್ಮೆಲೇ ಕೈಗೆ ಹತ್ತಲಿಲ್ಲ. ನಮ್ಮ ಮೋಟರನ್ನೇ ಸೇರು-ಪಾವು ಮಾಡಿಕೊಂಡು ಅಳೆಯತೊಡಗಿದ ಮೇಲೆ ತಕ್ಕಮಟ್ಟಿಗೆ ತಿಳಿಯಾಯಿತು. ಒಂದು ಅಶ್ವಶಕ್ತಿಯೆಂದರೆ ೭೪೬ ವ್ಯಾಟು, ಐದಕ್ಕೆ ೩,೭೩೦. ಒಂದು ತಾಸು ಓಡಿದರೆ ಮೂರುಮುಕ್ಕಾಲು ಯೂನಿಟ್ಟು ಎಂದಿಟ್ಟುಕೊಳ್ಳೋಣ. ನಿಜವಾಗಿ ಮೋಟರು ಇದಕ್ಕಿಂತ ತುಸು ಹೆಚ್ಚನ್ನೇ ಎಳೆಯುತ್ತದೆ. ಆದರೆ ಲೆಕ್ಕಕ್ಕೆ ಇಷ್ಟು ಸಾಕು.

ವಿಷಯ ಹುಟ್ಟಿಕೊಂಡದ್ದು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ. ಕರ್ನಾಟಕ ಸರ್ಕಾರವು ೨೦೨೨ರಿಂದ ೨೦೨೭ರ ವರೆಗೆ ಅನ್ವಯಿಸುವ ದತ್ತಾಂಶ ಕೇಂದ್ರ ನೀತಿಯೊಂದನ್ನು ಹೊರಡಿಸಿರುವುದೂ, ಗಣಕೋದ್ಯಮವು ಬೆಂಗಳೂರನ್ನು ದಾಟಿ ಹೊರಗೂ ಬರಲೆಂದು ಹುಬ್ಬಳ್ಳಿ-ಧಾರವಾಡ-ಬೆಳಗಾವಿಗಳನ್ನು ಒಂದು ಗುಂಪಾಗಿ ಗುರುತಿಸಿರುವುದೂ ಹಲವರು ಬಲ್ಲ ಸಂಗತಿಯೇ. ಅದನ್ನು ಹಿಡಿದುಕೊಂಡು ನಮ್ಮ ಅರ್ಥಶಾಸ್ತ್ರದ ಗುರುಗಳು “ಬೆಳಗಾವಿಗೆ ದೊಡ್ಡದೊಂದು ದತ್ತಾಂಶ ಕೇಂದ್ರ ಬರತಕ್ಕದ್ದು” ಎಂಬ ನಿರ್ಣಯವನ್ನು ಚರ್ಚೆಗೆ ಇಟ್ಟರು. ಚೀಟಿ ಎತ್ತಿದಾಗ ನನ್ನ ಪಾಲಿಗೆ ವಿರೋಧ ಪಕ್ಷ ಬಂದಿತು. ನನ್ನ ಗೆಳತಿ, ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ದುಡಿಯುವವರ ಮಗಳು, ಅವಳಿಗೆ ಪರ ಪಕ್ಷ. ಹದಿನೈದು ದಿನಗಳ ಅವಧಿ. ಹೀಗೆ ಚೀಟಿಯ ದೆಸೆಯಿಂದ ತಲೆಗೆ ಹತ್ತಿದ ಈ ವಿಷಯ ಚರ್ಚೆ ಮುಗಿದ ಮೇಲೂ ಇಳಿಯಲಿಲ್ಲವಾದ್ದರಿಂದ ಈ ಬರಹ.

ನಮ್ಮ ತಂದೆಯವರು ನಾಲ್ಕನೆಯ ಇಯತ್ತೆಯವರೆಗೆ ಓದಿದವರು. ನಾನು ರಾತ್ರಿ ಊಟದ ಹೊತ್ತಿನಲ್ಲಿ ಚರ್ಚೆಯ ವಿಷಯ ತೆಗೆದಾಗ ಅವರು ತುತ್ತು ಕೈಯಲ್ಲಿಯೇ ಹಿಡಿದು ಕೇಳಿದರು: “ಅಲ್ಲವಾ, ಈ ಫೋನಿನೊಳಗಿಂದೆಲ್ಲಾ ಅವರು ಎಲ್ಲೆ ಇಟ್ಟಿರತಾರ? ಎಲ್ಲೆರೆ ಗೋಡೌನ ಇರಬೇಕಲಾ?” ದತ್ತಾಂಶ ಕೇಂದ್ರಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯೆಯನ್ನು ನಾನು ಯಾವ ಪುಸ್ತಕದಲ್ಲಿಯೂ ಕಾಣಲಿಲ್ಲ. ಪಟ್ಟಣದ ಜನ ಅದಕ್ಕೆ ‘ಕ್ಲೌಡ್’ ಎನ್ನುತ್ತಾರೆ. ಕಣಕುಂಬಿಯ ಕಡೆಯಿಂದ ಜೂನಿನಲ್ಲಿ ಏರಿ ಬರುವ ಮೋಡವನ್ನು ನೋಡಿ ಬೆಳೆದ ನಮಗೆ, ಫೋಟೋಗಳೂ ಹಾಡುಗಳೂ ಮೋಡದಲ್ಲಿವೆಯೆಂದರೆ ನಗು ಬರುತ್ತದೆ. ಮೋಡಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಕರೆಂಟಿನ ಬಿಲ್ಲಂತೂ ಇಲ್ಲವೇ ಇಲ್ಲ. ಈ ಗೋಡೌನಿಗೆ ಇವೆಲ್ಲವೂ ಉಂಟು.

ಗೋಡೌನಿಗೆ ನಮ್ಮ ಮನೆಯಿಂದ ಮೊದಲು ಹೋದ ಸಾಮಾನು ಯಾವುದು ಎಂದು ಯೋಚಿಸಿದೆ. ಅದು ಉತಾರ. ದಕ್ಷಿಣದವರು ಪಹಣಿ ಎನ್ನುವುದನ್ನು ನಾವು ಈ ಭಾಗದಲ್ಲಿ ಉತಾರವೆನ್ನುತ್ತೇವೆ. ನಮ್ಮ ಅಜ್ಜನ ಕಾಲಕ್ಕೆ ಅದು ತಲಾಟಿಯವರ ದಪ್ತರದಲ್ಲಿತ್ತು; ತಲಾಟಿಯವರು ಸಿಕ್ಕರೆ ಉತಾರ ಸಿಕ್ಕಿತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು, ರಾಜ್ಯದ ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿಯಷ್ಟು ಉತಾರಗಳು ಗಣಕಯಂತ್ರಕ್ಕೆ ಏರಿದವು. ದೇಶದಲ್ಲಿಯೇ ಹೆಸರಾದ ಕೆಲಸವದು. ಆಮೇಲೆ ಬೆರಳಚ್ಚು ಹೋಯಿತು, ಕಣ್ಣಿನ ಗುರುತು ಹೋಯಿತು. ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲೊಂದು, ಹರಿಯಾಣದ ಮಾನೇಸರದಲ್ಲೊಂದು ಇವೆ. ಬೆಂಗಳೂರನ್ನು ಈವರೆಗೆ ಕಾಣದ ನಮ್ಮ ಅವ್ವನ ಹತ್ತೂ ಬೆರಳುಗಳ ಗುರುತು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿದೆ.

ಆದರೆ ಇವು ಗೋಡೌನನ್ನು ತುಂಬಿದ ಸಾಮಾನುಗಳಲ್ಲ. ಇಲ್ಲಿ ನನ್ನದೊಂದು ಸಣ್ಣ ಲೆಕ್ಕವಿದೆ. ಒಂದು ಉತಾರದ ಅಕ್ಷರ-ಅಂಕಿಗಳಿಗೆ ೧೦ ಕಿಲೋಬೈಟು ಹಿಡಿಯುತ್ತದೆಂದು ಧಾರಾಳವಾಗಿ ಎಣಿಸಿದರೂ ೨ ಕೋಟಿ ಉತಾರಗಳಿಗೆ ೨೦೦ ಜಿಬಿ ಆಗುತ್ತದೆ. ಭಾರತದಲ್ಲಿ ಮೊಬೈಲಿನಲ್ಲಿ ಅಂತರ್ಜಾಲ ಬಳಸುವವನೊಬ್ಬ ಈಗ ತಿಂಗಳಿಗೆ ಸರಾಸರಿ ಸುಮಾರು ೨೦ ಜಿಬಿ ಖರ್ಚು ಮಾಡುತ್ತಾನೆ. ಎಂದರೆ ನಮ್ಮ ತರಗತಿಯ ಹತ್ತು ಜನ ವಿದ್ಯಾರ್ಥಿನಿಯರು ಒಂದು ತಿಂಗಳಲ್ಲಿ ಇಡೀ ಕರ್ನಾಟಕದ ಉತಾರಗಳಷ್ಟನ್ನು ನೋಡಿ ಬಿಸಾಡಿರುತ್ತೇವೆ! ನೋಡಿದ್ದು ಏನೆಂದು ಯಾರೂ ಕೇಳಬಾರದಾಗಿ ವಿನಂತಿ. ಸೀರೆಯ ಅಂಗಡಿಯ ರೀಲು, ಅಡಿಗೆಯ ರೀಲು, ಬೆಕ್ಕಿನ ರೀಲು. ಬರಹ ಹಗುರು, ಚಿತ್ರ ಭಾರ, ಚಲಿಸುವ ಚಿತ್ರ ಅತಿಭಾರ; ಗಣಕಲೋಕದ ತೂಕದ ನಿಯಮವಿದು.

ಈ ಬಾಯಾರಿಕೆ ಬಂದದ್ದು ಹೇಗೆ? ಅಗ್ಗವಾದದ್ದರಿಂದ. ೨೦೧೪ರ ಸುಮಾರಿಗೆ ಒಂದು ಜಿಬಿಗೆ ೨೬೯ ರೂಪಾಯಿಯ ಹತ್ತಿರವಿದ್ದ ಸರಾಸರಿ ದರ, ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ತರುವಾಯ ಕುಸಿದು ಈಚೆಗೆ ೯ ರೂಪಾಯಿಯ ಆಸುಪಾಸಿಗೆ ಇಳಿದಿದೆ. ಖಾನಾಪುರದ ಸಂತೆಯಲ್ಲಿ ಕೊತ್ತಂಬರಿ ಮಾರುವ ಅಜ್ಜಿಯ ಬುಟ್ಟಿಯ ಮೇಲೂ ಕ್ಯೂ-ಆರ್ ಹಲಗೆ ನಿಂತಿದೆ. ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ದೇಶದಲ್ಲಿ ಯುಪಿಐ ವ್ಯವಹಾರಗಳ ಸಂಖ್ಯೆ ೨,೦೦೦ ಕೋಟಿ ದಾಟಿತು. ನಾನು ದಿನಾಲು ಖಾನಾಪುರದಿಂದ ಬೆಳಗಾವಿಗೆ ಬರುವ ೨೬ ಕಿಲೋಮೀಟರಿನ ಬಸ್ಸಿನಲ್ಲಿ, ೨೦೨೩ರ ಜೂನಿನಿಂದ ಹೆಣ್ಣುಮಕ್ಕಳಿಗೆ ದೊರೆಯುವ ಶೂನ್ಯ ದರದ ಚೀಟಿ ಕೂಡ ಒಂದು ಯಂತ್ರದಿಂದಲೇ ಹೊರಬೀಳುತ್ತದೆ. ಶಕ್ತಿ ಯೋಜನೆ ಇಲ್ಲದಿದ್ದರೆ ನಾನು ಪದವಿಯ ಕೊನೆಯ ವರ್ಷದವರೆಗೆ ಬರುತ್ತಿದ್ದೆನೋ ಇಲ್ಲವೋ; ಅದು ಬೇರೆ ಮಾತು.

ನಾನು ಹತ್ತನೆಯ ಇಯತ್ತೆಯಲ್ಲಿದ್ದುದು ೨೦೨೦-೨೧ರಲ್ಲಿ. ಸಾಲೆ ಮುಚ್ಚಿತ್ತು. ಫೋನಿನಲ್ಲಿ ಪಾಠ ಬರುವುದೆಂದು ಹೇಳಿದರು. ನಮ್ಮೂರಿನಲ್ಲಿ ಫೋನಿಗೆ ಗಾಳಿ ಸಿಗುತ್ತಿದ್ದುದು ಗುಡ್ಡದ ಮೇಲಿನ ಗುಡಿಯ ಕಟ್ಟೆಯಲ್ಲಿ ಮಾತ್ರ. ನಾವು ಏಳು ಹುಡುಗಿಯರು ಎರಡು ಫೋನು ಹಿಡಿದುಕೊಂಡು ಹತ್ತಿ ಹೋಗುತ್ತಿದ್ದೆವು. ಪಾಠ ನಿಂತು ನಿಂತು ಬರುತ್ತಿತ್ತು. ಗುರುಗಳ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಅದೇ ಕಾಲಕ್ಕೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬರುತ್ತಿದ್ದವು. ನೆರೆಮನೆಯ ಟೀವಿಯ ಮುಂದೆ ಕುಳಿತು ಅವನ್ನು ಒಂದೂ ತಡೆಯಿಲ್ಲದೆ ನೋಡಿದೆವು. ಆಗ ಅರ್ಥವಾಗದ ಒಂದು ಭೇದ ಈಗ ಅರ್ಥವಾಗಿದೆ. ದೂರದರ್ಶನವು ಊರ ಡಂಗುರವಿದ್ದಂತೆ: ಒಮ್ಮೆ ಬಾರಿಸಿದರೆ ಹತ್ತು ಜನ ಕೇಳಿದರೂ ಅಷ್ಟೇ, ಹತ್ತು ಲಕ್ಷ ಜನ ಕೇಳಿದರೂ ಅಷ್ಟೇ ಶ್ರಮ. ಫೋನಿನ ಚಿತ್ರವಾದರೋ ಮನೆಮನೆಗೆ ಬೇರೆ ಬೇರೆ ಆಳು ಕಳಿಸಿದಂತೆ. ಒಂದೇ ಪಾಠವನ್ನು ಲಕ್ಷ ಜನ ನೋಡಿದರೆ ಲಕ್ಷ ಸಲ ಕಳಿಸಬೇಕು. ನಮಗೆ ಬೇಕಾದದ್ದು ಬೇಕಾದಾಗ ಸಿಗುವ ಸುಖಕ್ಕೆ ತೆರುವ ಬೆಲೆ ಇದು. ಮತ್ತು ಆ ಬೆಲೆ ನಮ್ಮ ರೀಚಾರ್ಜಿನಲ್ಲಿ ಕಾಣುವುದಿಲ್ಲ.

ಇನ್ನು ಗೋಡೌನಿನ ಒಳಗೆ ಹೋಗೋಣ. ಕಣ್ಣಾರೆ ನೋಡಿ ಹೇಳುತ್ತಿಲ್ಲ. ಅಂಥಲ್ಲಿಗೆ ನಮ್ಮಂಥವರನ್ನು ಬಿಡುವುದಿಲ್ಲ. ಓದಿ ತಿಳಿದದ್ದು ಇಷ್ಟು. ಕಿಟಕಿಯಿಲ್ಲದ ದೊಡ್ಡ ಅಂಗಳ. ಅದರಲ್ಲಿ ಕಪಾಟಿನಂಥ ಚೌಕಟ್ಟುಗಳ ಸಾಲುಗಳು. ಇವಕ್ಕೆ ರ‍್ಯಾಕು ಎನ್ನುತ್ತಾರೆ. ಒಂದೊಂದು ರ‍್ಯಾಕಿನಲ್ಲಿ ಒಂದರ ಮೇಲೊಂದು ಗಣಕಯಂತ್ರಗಳು. ಅವು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರುತ್ತದೆ. ಮೋಟರಾದರೆ ನೀರನ್ನಾದರೂ ಮೇಲೆತ್ತುತ್ತದೆ. ಇದು ಎತ್ತುವುದು ಏನನ್ನೂ ಇಲ್ಲ. ಶಾಖವನ್ನು ಆಗಿಂದಾಗ್ಗೆ ಹೊರಗೆ ಹಾಕದಿದ್ದರೆ ಯಂತ್ರ ಕೆಡುತ್ತದೆ. ಆದುದರಿಂದ ಗಾಳಿಯನ್ನು ತಂಪು ಮಾಡುವ ಯಂತ್ರಗಳು, ನೀರಿನ ಕೊಳವೆಗಳು, ಕರೆಂಟು ಹೋದರೆ ಕ್ಷಣಮಾತ್ರದಲ್ಲಿ ಭಾರ ಹೊರುವ ಬ್ಯಾಟರಿಗಳು, ಬ್ಯಾಟರಿ ಸೋಲುವ ಮೊದಲು ಎದ್ದು ನಿಲ್ಲಲು ಡೀಸೆಲ್ ಜನರೇಟರುಗಳು. ಮದುವಣಿಗನಿಗಿಂತ ದಿಬ್ಬಣದ ಖರ್ಚು ಹೆಚ್ಚೆಂಬಂತೆ ಒಂದು ಕಾಲಕ್ಕೆ ಇತ್ತು. ೨೦೦೭ರಲ್ಲಿ ಯಂತ್ರಕ್ಕೆ ಒಂದು ಯೂನಿಟ್ಟು ಮುಟ್ಟಿಸಲು ಕಟ್ಟಡಕ್ಕೆ ಸರಾಸರಿ ಎರಡೂವರೆ ಯೂನಿಟ್ಟು ಬೇಕಾಗುತ್ತಿತ್ತು. ಈಗ ಅದು ಒಂದೂವರೆಯ ಚಿಲ್ಲರೆಗೆ ಇಳಿದಿದೆ. ದಿಬ್ಬಣವನ್ನು ಇನ್ನಷ್ಟು ಸಣ್ಣದು ಮಾಡಿದ ಕೇಂದ್ರಗಳೂ ಇವೆ.

ಈ ಉಳಿತಾಯವನ್ನು ಹಗುರಾಗಿ ತೆಗೆದುಕೊಳ್ಳಬಾರದು. ೨೦೨೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ೨೦೧೦ರಿಂದ ೨೦೧೮ರ ವರೆಗೆ ಜಗತ್ತಿನ ದತ್ತಾಂಶ ಕೇಂದ್ರಗಳು ಮಾಡಿದ ಕೆಲಸ ಆರೂವರೆ ಪಟ್ಟಾಯಿತು. ತಿಂದ ವಿದ್ಯುತ್ತು ಹೆಚ್ಚಿದ್ದು ಶೇಕಡಾ ೬ ಮಾತ್ರ. ಸಣ್ಣಪುಟ್ಟ ಕಚೇರಿಗಳ ಮೂಲೆಯಲ್ಲಿ ಬಿದ್ದಿದ್ದ ಯಂತ್ರಗಳೆಲ್ಲ ದೊಡ್ಡ ಮನೆಗಳಿಗೆ ಸೇರಿದವು. ಒಂದೇ ಯಂತ್ರದಲ್ಲಿ ಹತ್ತು ಯಂತ್ರಗಳ ಕೆಲಸ ಮಾಡಿಸುವ ಉಪಾಯ ಬಂದಿತು. ಒಕ್ಕಲುತನದಲ್ಲಿ ಹೀಗೆ ಆಗಿದ್ದರೆ ನಮ್ಮ ತಂದೆಯವರು ಊರಿಗೆಲ್ಲ ಊಟ ಹಾಕಿಸುತ್ತಿದ್ದರು.

ಕತೆ ಅಲ್ಲಿಗೇ ನಿಲ್ಲಲಿಲ್ಲ. ಕೃತಕ ಬುದ್ಧಿಮತ್ತೆ ಬಂದಿತು. ಹಳೆಯ ರ‍್ಯಾಕು ಐದರಿಂದ ಹತ್ತು ಕಿಲೋವ್ಯಾಟಿನದು, ನಮ್ಮಂಥ ಒಂದೋ ಎರಡೋ ಮೂರೋ ಮೋಟರಿನಷ್ಟು. ಕೃತಕ ಬುದ್ಧಿಗಾಗಿ ಎನ್ವಿಡಿಯಾ ಸಂಸ್ಥೆ ಮಾಡುವ ‘ಎಚ್ ೧೦೦’ ಎಂಬ ಚಿಪ್ಪೊಂದೇ ೭೦೦ ವ್ಯಾಟಿನವರೆಗೆ ಎಳೆಯುತ್ತದೆ. ಅಂಗೈಯಲ್ಲಿ ಹಿಡಿಯಬಹುದಾದ ವಸ್ತು, ಹಸಿವು ಒಂದು ಕುದುರೆಯದು! ಅದೇ ಸಂಸ್ಥೆಯ ಈಚಿನ ರ‍್ಯಾಕೊಂದು ಸುಮಾರು ೧೨೦ ಕಿಲೋವ್ಯಾಟು: ಒಂದು ಕಪಾಟಿನ ಜಾಗದಲ್ಲಿ ನಮ್ಮಂಥ ೩೨ ಮೋಟರು. ಇಷ್ಟು ಶಾಖವನ್ನು ಗಾಳಿ ಹೊರಲಾರದು. ಚಿಪ್ಪಿನ ಬೆನ್ನಿಗೇ ನೀರಿನ ಕೊಳವೆ ತಂದು ಅಂಟಿಸಬೇಕಾಗಿದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ೨೦೨೫ರ ಏಪ್ರಿಲಿನಲ್ಲಿ ಕೊಟ್ಟ ಲೆಕ್ಕದಂತೆ, ೨೦೨೪ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ೪೧,೫೦೦ ಕೋಟಿ ಯೂನಿಟ್ಟು ಬಳಸಿದವು. ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡಾ ಒಂದೂವರೆ. ೨೦೩೦ಕ್ಕೆ ಇದು ೯೪,೫೦೦ ಕೋಟಿಯಾದೀತೆಂದು ಅವರ ಅಂದಾಜು. ಜಪಾನ್ ದೇಶವೆಲ್ಲ ಇಂದು ಬಳಸುವುದಕ್ಕಿಂತ ಅದು ತುಸು ಹೆಚ್ಚು. ಒಂದೂವರೆ ಅಲ್ಪವೆಂದು ತೋರಬಹುದು. ಆದರೆ ಈ ಮನೆಗಳು ಜಗತ್ತಿನ ಮೇಲೆ ಮಳೆಯಂತೆ ಸಮನಾಗಿ ಬೀಳುವುದಿಲ್ಲ, ಒಂದೆರಡು ಕಡೆ ಗುಡ್ಡೆ ಬೀಳುತ್ತವೆ. ಐರ್ಲೆಂಡಿನಲ್ಲಿ ೨೦೨೩ರಲ್ಲಿ ಮೀಟರಿನಲ್ಲಿ ದಾಖಲಾದ ವಿದ್ಯುತ್ತಿನ ಐದರಲ್ಲೊಂದು ಪಾಲಿಗಿಂತಲೂ ಹೆಚ್ಚು ಇವಕ್ಕೇ ಹೋಯಿತು. ನಮ್ಮ ದೇಶದಲ್ಲಿ ಸಮುದ್ರದಾಳದ ತಂತಿಗಳು ದಡ ಮುಟ್ಟುವ ಮುಂಬಯಿಯೇ ಇವುಗಳ ದೊಡ್ಡ ನೆಲೆ. ೨೦೨೫ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಗಿಗಾವ್ಯಾಟ್ ಪ್ರಮಾಣದ ಕೇಂದ್ರವನ್ನು ಗೂಗಲ್ ಸಂಸ್ಥೆ ಸಾರಿತು. ಒಂದು ಗಿಗಾವ್ಯಾಟೆಂದರೆ ನಮ್ಮ ಮೋಟರುಗಳು ಎರಡು ಲಕ್ಷದ ಅರವತ್ತೆಂಟು ಸಾವಿರ.

ಕರೆಂಟು ಹಣವಿದ್ದ ಕಡೆಗೆ ಮೊದಲು ಓಡುವುದು ಹೊಸದೇನೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ ಶಿವನಸಮುದ್ರದ ಯೋಜನೆ ಎದ್ದಿತು. ೧೯೦೨ರ ಜೂನಿನಲ್ಲಿ ಅಲ್ಲಿ ವಿದ್ಯುತ್ತು ಹುಟ್ಟಿದಾಗ, ಅದು ಪಕ್ಕದ ಹಳ್ಳಿಗಳಿಗೆ ಹೋಗಲಿಲ್ಲ. ಸುಮಾರು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಷ್ಟು ಉದ್ದದ ಸಾಲು ಜಗತ್ತಿನಲ್ಲಿಯೇ ಆಗ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ೧೯೦೫ರ ಆಗಸ್ಟಿನಲ್ಲಿ. ಹಳ್ಳಿಗಳ ಪಾಳಿ ದಶಕಗಳ ಮೇಲೆ. ಗಣಿ ೨೦೦೧ರಲ್ಲಿ ಮುಚ್ಚಿತು. ಶಿವನಸಮುದ್ರದ ಯಂತ್ರಗಳು ಗಣಿಯನ್ನು ಮೀರಿ ಬಾಳಿದವು. ನನ್ನ ಗೆಳತಿ ಚರ್ಚೆಯಲ್ಲಿ ಇದೇ ಮಾತನ್ನು ತನ್ನ ಪಕ್ಷಕ್ಕೆ ತಿರುಗಿಸಿದಳು: ಗಣಿಯೆಂಬ ದೊಡ್ಡ ಗಿರಾಕಿ ಇಲ್ಲದಿದ್ದರೆ ಆ ಕಾಲಕ್ಕೆ ಅಷ್ಟು ದೊಡ್ಡ ವಿದ್ಯುದಾಗಾರವನ್ನು ಕಟ್ಟುತ್ತಿದ್ದವರಾರು? ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ನಮ್ಮ ಮೋಟರಿಗೆ ಮೂರು ಫೇಜಿನ ಕರೆಂಟು ದಿನಕ್ಕೆ ಏಳು ತಾಸು. ಒಂದು ವಾರ ಹಗಲು, ಒಂದು ವಾರ ರಾತ್ರಿ ಎಂಬಂತೆ ಪಾಳಿ ತಿರುಗುತ್ತಿರುತ್ತದೆ. ರಾತ್ರಿ ಪಾಳಿಯಿದ್ದಾಗ ತಂದೆಯವರು ಒಂದು ಗಂಟೆಗೋ ಎರಡು ಗಂಟೆಗೋ ಬ್ಯಾಟರಿ, ಬಡಿಗೆ ಹಿಡಿದು ಕಬ್ಬಿನ ಹೊಲಕ್ಕೆ ನಡೆಯುತ್ತಾರೆ. ನಮ್ಮ ಕಡೆ ಹಾವಿನ ಭಯಕ್ಕಿಂತ ಕರಡಿಯ ಭಯ ದೊಡ್ಡದು. ಭೀಮಗಡದ ಕಾಡು ದೂರವೇನಲ್ಲ. ಅವರು ಮರಳಿ ಬಂದು ಚಪ್ಪಲಿ ಬಿಡುವ ಸಪ್ಪಳ ಕೇಳುವವರೆಗೆ ಅವ್ವ ನಿದ್ದೆ ಮಾಡುವುದಿಲ್ಲ. ಪರೀಕ್ಷೆಯ ನೆವದಿಂದ ನಾನೂ ಎಚ್ಚರವಿದ್ದು ಫೋನು ನೋಡುತ್ತಿರುತ್ತೇನೆ. ಆ ಹೊತ್ತಿನಲ್ಲಿ ನನ್ನ ಫೋನಿಗೆ ಚಿತ್ರ ಕಳಿಸುತ್ತಿರುವ ಮನೆಯಲ್ಲಿ ಮಾತ್ರ ಕರೆಂಟು ಕಣ್ಣು ಮಿಟುಕಿಸುವ ಹಾಗಿಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಆ ಅಕ್ಟೋಬರಿನಲ್ಲಿ ಪಂಪುಗಳ ಏಳು ತಾಸು ಐದಕ್ಕಿಳಿದು, ನವೆಂಬರಿನಲ್ಲಿ ಮತ್ತೆ ಏಳಕ್ಕೆ ಬಂದಿತು. ಎರಡು ತಾಸು ಎಂದರೆ ಎಷ್ಟೆಂದು ಒಣಗುತ್ತಿರುವ ಭತ್ತದ ಮಡಿಯ ದಂಡೆಯಲ್ಲಿ ನಿಂತವರಿಗೆ ಗೊತ್ತು.

ಆದರೂ ಲೆಕ್ಕವನ್ನು ನ್ಯಾಯವಾಗಿ ಹೇಳಬೇಕು. ೧೦ ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಕರ್ನಾಟಕದಲ್ಲಿ ಕರೆಂಟು ಪುಕ್ಕಟೆ. ಅಂಥ ಪಂಪುಗಳು ಮೂವತ್ತು ಲಕ್ಷ ಮೀರಿವೆ. ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅವಕ್ಕೇ ಹೋಗುತ್ತದೆ. ದತ್ತಾಂಶ ಕೇಂದ್ರದವರು ಹಣ ಎಣಿಸಿ ಕೊಡುವವರು. ‘ನಮ್ಮ ಕರೆಂಟನ್ನು ಅವರು ತಿಂದರು’ ಎಂದು ಕೂಗಿದರೆ ಚಪ್ಪಾಳೆ ಬಿದ್ದೀತು, ಸತ್ಯ ಅರ್ಧವಾದೀತು. ನಾನು ಚರ್ಚೆಯಲ್ಲಿ ಹಿಡಿದದ್ದು ಮೊತ್ತವನ್ನಲ್ಲ, ಹೊತ್ತನ್ನು. ೧೦೦ ಮೆಗಾವ್ಯಾಟಿನ ಕೇಂದ್ರವೊಂದು ಪೂರ್ಣ ಬಲದಿಂದ ನಡೆದರೆ ಅದು ೨೬,೮೦೦ ಮೋಟರುಗಳಿಗೆ ಸಮ. ಆದರೆ ಮೋಟರು ಏಳು ತಾಸು ಓಡಿ ನಿಲ್ಲುತ್ತದೆ, ಅದು ಇಪ್ಪತ್ನಾಲ್ಕು ತಾಸು. ದಿನದ ಯೂನಿಟ್ಟಿನಲ್ಲಿ ಹೇಳಿದರೆ ಸುಮಾರು ೯೨,೦೦೦ ಮೋಟರಿಗೆ ಸಮ. ಕೊರತೆ ಬಂದ ದಿನ ಪಂಪಿಗೆ ‘ನಾಳೆ ಬಾ’ ಎನ್ನಬಹುದು, ಅದಕ್ಕೆ ಎನ್ನಲಾಗದು. ಕಾಯಬಲ್ಲವನನ್ನೇ ಕಾಯಿಸುವುದು ಲೋಕರೂಢಿ. ಹೀಗೆ ಕಾಯಲೊಲ್ಲದ ಗಿರಾಕಿಗಳು ಹೆಚ್ಚಿದಷ್ಟೂ ಕಾಯುವ ಭಾರವೆಲ್ಲ ಕಾಯಬಲ್ಲವರ ಮೇಲೆಯೇ ಬೀಳುವುದಷ್ಟೆ?

ಸೂರ್ಯನ ಕರೆಂಟು ಇದೆಯಲ್ಲ ಎಂದು ಪರಪಕ್ಷದವರು ಕೇಳಿದರು. ಇದೆ, ನಿಜ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವ್ಯಾಟಿನ ಸೌರ ಉದ್ಯಾನವಿದೆ. ನಮ್ಮ ಜಿಲ್ಲೆಯ ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯ ಗಿರಣಿಗಳು ತಿರುಗುತ್ತಿವೆ. ಆದರೆ ರಾತ್ರಿ ಎರಡು ಗಂಟೆಗೆ ಪಾವಗಡ ಮಲಗಿರುತ್ತದೆ. ಕೂಡಿಟ್ಟುಕೊಳ್ಳುವ ಬ್ಯಾಟರಿಗಳೂ ಕೆರೆಯಿಂದ ಕೆರೆಗೆ ನೀರೆತ್ತುವ ಯೋಜನೆಗಳೂ ಬರುತ್ತಿವೆ, ಬರಲಿ. ಇನ್ನೊಂದು, ಕರೆಂಟು ಹುಟ್ಟಿದಲ್ಲಿಯೇ ಖರ್ಚಾಗುವುದಿಲ್ಲ. ಅದನ್ನು ಒಯ್ಯಲು ಕಂಬ ಬೇಕು. ಧಾರವಾಡದ ಹತ್ತಿರದ ನರೇಂದ್ರದಿಂದ ಗೋವೆಗೆ ಹೋಗಬೇಕಾದ ೪೦೦ ಕಿಲೋವೋಲ್ಟಿನ ಸಾಲು ಪಶ್ಚಿಮ ಘಟ್ಟದ ಕಾಡನ್ನು ಸೀಳುವ ವಿಚಾರ ವರ್ಷಗಟ್ಟಲೆ ಜಗಳಕ್ಕೆ ಕಾರಣವಾಗಿದೆ. ಅದು ದತ್ತಾಂಶಕ್ಕಾಗಿ ಯೋಜಿಸಿದ ಸಾಲಲ್ಲ. ಆದರೆ ಬೇಡಿಕೆ ಯಾರದೇ ಇರಲಿ, ಮರ ಬೀಳುವುದು ನಮ್ಮ ಕಡೆಯದೇ.

ನೀರಿನ ಮಾತು ಬಂದಾಗ ನನಗೆ ನೆರವಾದವನು ಪಿ.ಯು. ವಿಜ್ಞಾನ ಓದುತ್ತಿರುವ ನನ್ನ ತಮ್ಮ. ಒಂದು ಲೀಟರು ನೀರು ಆವಿಯಾಗುವಾಗ ಸುಮಾರು ಮೂರರಲ್ಲಿ ಎರಡು ಪಾಲು ಯೂನಿಟ್ಟಿನಷ್ಟು ಶಾಖ ಹೊತ್ತೊಯ್ಯುತ್ತದೆಂದು ಅವನು ಹೇಳಿದ. ಹಾಗಾದರೆ ೧೦೦ ಮೆಗಾವ್ಯಾಟಿನ ಶಾಖವನ್ನೆಲ್ಲ ನೀರನ್ನು ಆರಿಸಿಯೇ ಕಳೆಯಬೇಕಾದರೆ ದಿನಕ್ಕೆ ಸುಮಾರು ೩೫ ಲಕ್ಷ ಲೀಟರು. ನಗರದಲ್ಲಿ ತಲೆಗೆ ೧೩೫ ಲೀಟರು ಎಂಬುದು ಸರ್ಕಾರದ ಅಳತೆ. ಆ ಪ್ರಕಾರ ಇದು ೨೬,೦೦೦ ಜನರ ನೀರು. ೨೦೧೧ರ ಜನಗಣತಿಯಲ್ಲಿ ಖಾನಾಪುರ ಪಟ್ಟಣದ ಜನ ಇಪ್ಪತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ನೀರು ಬೇಡ, ಗಾಳಿಯಿಂದಲೇ ತಣಿಸುತ್ತೇವೆಂದರೆ ಆಗುತ್ತದೆ, ಆದರೆ ಕರೆಂಟು ಹೆಚ್ಚು ಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆ. ಬೆಳಗಾವಿಯದು ತಂಪು ಹವೆ, ಸಮುದ್ರಮಟ್ಟಕ್ಕಿಂತ ಸುಮಾರು ಎರಡೂವರೆ ಸಾವಿರ ಅಡಿ ಎತ್ತರದ ಊರು. ಮುಂಬಯಿಗಿಂತ ಇಲ್ಲಿ ತಣಿಸುವ ಖರ್ಚು ಕಡಿಮೆಯೆಂಬ ಗೆಳತಿಯ ವಾದ ಗಟ್ಟಿಯಾದದ್ದೇ. ಆದರೆ ಈ ನಗರ ರಾಕಸಕೊಪ್ಪದ ನೀರನ್ನೂ ಹಿಡಕಲ್ಲಿನ ನೀರನ್ನೂ ನೆಚ್ಚಿದೆ. ಮಲಪ್ರಭೆ ಹುಟ್ಟುವುದು ನಮ್ಮ ಕಣಕುಂಬಿಯಲ್ಲಿ. ಆ ಹೊಳೆಗೆ ಮಹದಾಯಿಯ ನೀರನ್ನು ಕೂಡಿಸುವುದಕ್ಕಾಗಿ ನ್ಯಾಯಾಧಿಕರಣವು ೨೦೧೮ರಲ್ಲಿ ೩.೯ ಟಿಎಂಸಿಯನ್ನು ಹಂಚಿದ ಮೇಲೂ ಎಷ್ಟು ಸಭೆ, ಎಷ್ಟು ಬಂದ್, ಎಷ್ಟು ದೆಹಲಿ ಯಾತ್ರೆ! ಅಂಥ ಕಡೆ ಕುಡಿಯುವ ನೀರನ್ನು ಗೋಡೌನು ತಣಿಸಲು ಕೊಡುತ್ತೇವೆಂದರೆ ಒಪ್ಪಲಾರೆ. ನಗರದ ಗಟಾರದ ನೀರನ್ನು ಶುದ್ಧಮಾಡಿ ಬಳಸಲಿ. ಎಷ್ಟು ನೀರು, ಎಷ್ಟು ಯೂನಿಟ್ಟು ಎಂದು ಪ್ರತಿ ತಿಂಗಳು ಬಾಗಿಲಿಗೆ ಬರೆದು ಹಚ್ಚಲಿ. ಪಂಪಿನ ಏಳು ತಾಸನ್ನು ಮುಟ್ಟುವುದಿಲ್ಲವೆಂದು ಸರ್ಕಾರ ಮೊದಲು ಬರೆದುಕೊಡಲಿ. ಇವು ನಾನಿಟ್ಟ ಷರತ್ತುಗಳು. ವಿರೋಧ ಪಕ್ಷದವಳು ಷರತ್ತು ಇಡುವುದೆಂದರೆ ಅರ್ಧ ಒಪ್ಪಿದಂತೆಯೇ ಎಂದು ಯಾರೋ ಹಿಂದಿನ ಬೆಂಚಿನಿಂದ ಕೂಗಿದರು. ಇರಬಹುದು.

ನೌಕರಿಯ ಪ್ರಶ್ನೆ ಎದ್ದಾಗ ಸಭೆ ನಿಜವಾಗಿ ಕಾವೇರಿತು. ನಮ್ಮ ತರಗತಿಯಲ್ಲಿ ಬಹುಪಾಲು ಜನ ಮನೆತನದಲ್ಲಿಯೇ ಮೊದಲ ಸಲ ಪದವಿಯ ಹೊಸ್ತಿಲು ಕಾಣುವವರು. ಮುಂದೇನೆಂಬುದು ಎಲ್ಲರ ಎದೆಯ ಮೇಲಿರುವ ಕಲ್ಲು. ಇಂಥ ಕೇಂದ್ರವನ್ನು ಕಟ್ಟುವಾಗ ದುಡಿಮೆ ಬಹಳ ಕೈಗಳಿಗೆ. ಕಟ್ಟಿ ಮುಗಿದ ಮೇಲೆ ಅದನ್ನು ನೋಡಿಕೊಳ್ಳಲು ಕೆಲವೇ ಜನ ಸಾಕು, ಅದರಲ್ಲಿ ಬಿ.ಎ. ಆದವರಿಗೆ ಸಿಗುವುದು ಬಾಗಿಲು ಕಾಯುವ ಕೆಲಸವೇ ಇರಬಹುದು. ಇಷ್ಟೇ ಕರೆಂಟು ಉದ್ಯಮಬಾಗದ ಫೌಂಡ್ರಿಗಳ ಕುಲುಮೆಗೆ ಹೋದರೆ ಎಷ್ಟೋ ಪಾಲು ಹೆಚ್ಚು ಸಂಸಾರಗಳು ಬದುಕುತ್ತವೆ ಎಂದು ನಾನು ಹೇಳಿದೆ. ಗೆಳತಿ ಎದ್ದು ನಿಂತು, “ಆ ಕುಲುಮೆಯ ಮುಂದೆ ನಿಂತು ಬಂದವರ ಅಂಗಿಯನ್ನು ದಿನಾಲು ತೊಳೆಯುವವಳು ನಾನು. ಅದರ ಮೇಲೆ ಎಷ್ಟು ತೂತುಗಳಿರುತ್ತವೆಂದು ಎಣಿಸಿ ಹೇಳಲೇ?” ಎಂದಳು. ಸಭೆ ಸುಮ್ಮನಾಯಿತು. ಕೈಯೆತ್ತಿಸಿ ಎಣಿಸಿದಾಗ ನಿರ್ಣಯ ಎಂಟು ಮತಗಳಿಂದ ಗೆದ್ದಿತು.

ಸಂಜೆ ಬಸ್ ನಿಲ್ದಾಣದ ಕಡೆಗೆ ಇಬ್ಬರೂ ಕೂಡಿಯೇ ನಡೆದೆವು. ಗೆದ್ದವಳ ಮುಖದಲ್ಲಿ ಗೆಲವಿಗಿಂತ ಹೆಚ್ಚಾಗಿ ಏನೋ ಯೋಚನೆ ಇತ್ತು. ಆ ಕೇಂದ್ರದಲ್ಲಿ ನೀರು ತಿರುಗಿಸಲು ಪಂಪು ಬೇಕಷ್ಟೆ ಎಂದು ಕೇಳಿದಳು. ಬೇಕು, ಕವಾಟಗಳೂ ಬೇಕು ಎಂದೆ. “ಮತ್ತ ಅವನ್ನ ಎರಕಾ ಹೊಯ್ಯೂದು ಯಾರು? ನಮ್ಮಪ್ಪನಽ ಅಲ್ಲೇನಽ?” ಎಂದಳು. ಅಷ್ಟರಲ್ಲಿ ಖಾನಾಪುರದ ಬಸ್ಸು ಬಂದಿತು. ಅಂಗಿಯ ತೂತಿನ ಸುದ್ದಿಯನ್ನು ಆಗ ತೆಗೆಯುವುದು ಸರಿಯೆನಿಸಲಿಲ್ಲ. ನೂಕುನುಗ್ಗಲಿನಲ್ಲಿ ಏರಿ, ಕಿಟಕಿಯ ಹತ್ತಿರ ಜಾಗ ಹಿಡಿದೆ.